ಸದ್ದು ಏರಿಸಲು ಹೋದರೆ ಸ್ಕ್ರೀನ್‌ಶಾಟ್: ಈ ಬಟನ್ ಕಾಟ ನಿಮಗೂ ಇದೆಯಾ?

ಗಿರಿನಗರದ ಗಿರಾಕಿ (ಚರ್ಚೆ ಶುರು ಮಾಡಿದವರು)

ಹೊಸ ಫೋನ್ ಕೊಂಡ ಮೇಲೆ ನನ್ನ ಗ್ಯಾಲರಿಯಲ್ಲಿ ಫೋಟೋಗಿಂತ ಸ್ಕ್ರೀನ್‌ಶಾಟ್‌ಗಳೇ ಜಾಸ್ತಿ. ಒಂದನ್ನೂ ನಾನಾಗಿ ತೆಗೆದದ್ದಲ್ಲ. ಲಾಕ್ ಸ್ಕ್ರೀನ್, ಮ್ಯಾಪ್, ಅರ್ಧ ಓದಿದ ಸುದ್ದಿ, ಅಕ್ಕ ಕಳಿಸಿದ ಶುಭೋದಯದ ಗುಲಾಬಿ, ಎಲ್ಲವೂ ಸಾಲಾಗಿ ಸೇವ್ ಆಗಿ ಕೂತಿವೆ.

ಪವರ್ ಬಟನ್ ಬಲಕ್ಕೆ, ವಾಲ್ಯೂಮ್ ಬಟನ್ ಎಡಕ್ಕೆ, ಎರಡೂ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿ. ತೊಂದರೆ ಇರುವುದೇ ಇಲ್ಲಿ. ಒಂದು ಬದಿಯ ಬಟನ್ ಒತ್ತಬೇಕೆಂದರೆ ಎದುರು ಬದಿಗೆ ಬೆರಳು ಆನಿಸಲೇಬೇಕು ಅಲ್ವಾ? ಸರಿಯಾಗಿ ಆ ಆನಿಸುವ ಜಾಗದಲ್ಲೇ ಇನ್ನೊಂದು ಬಟನ್ ಇಟ್ಟಿದ್ದಾರೆ. ಮೆಟ್ರೋದಲ್ಲಿ ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದರಲ್ಲಿ ಫೋನ್. ಹಾಡಿನ ಸದ್ದು ಸ್ವಲ್ಪ ಏರಿಸೋಣ ಅಂದರೆ ಕ್ಲಿಕ್. ಜೀನ್ಸ್ ಜೇಬಿನಿಂದ ಎಳೆದರೆ ಕ್ಲಿಕ್. ಫೋನನ್ನೇ ಆಫ್ ಮಾಡೋಣ ಅಂದರೂ ಮೊದಲು ಒಂದು ಕ್ಲಿಕ್.

ಡಿಲೀಟ್ ಮಾಡಿದರಾಯಿತು ಅನ್ನಬೇಡಿ, ಅದನ್ನು ದಿನಾ ಮಾಡುತ್ತಲೇ ಇದ್ದೇನೆ. ಕೇಳಬೇಕಿರುವುದು ಬೇರೆ. ಫಾಂಟ್ ಬದಲಾಯಿಸಬಹುದು, ಐಕಾನ್ ಆಕಾರ ಬದಲಾಯಿಸಬಹುದು, ಬೆರಳಚ್ಚು ಒತ್ತಿದಾಗ ಯಾವ ಬಣ್ಣದ ಅಲೆ ಏಳಬೇಕು ಅನ್ನುವುದಕ್ಕೂ ಸೆಟ್ಟಿಂಗ್ ಇದೆ. ಎರಡು ಬಟನ್ ಒಟ್ಟಿಗೆ ಒತ್ತಿದರೆ ಸ್ಕ್ರೀನ್‌ಶಾಟ್ ಬೇಡ ಅನ್ನಲು ಮಾತ್ರ ಒಂದು ಸ್ವಿಚ್ ಇಲ್ಲ. ಯಾಕೆ?

ಕಂಪನಿ ಹೆಸರು ಹೇಳುವುದಿಲ್ಲ. ಹೇಳಿದರೆ ಅಭಿಮಾನಿಗಳ ಜಗಳ ಶುರುವಾಗುತ್ತದೆ.

ಸಿಲ್ಕ್ ಬೋರ್ಡ್ ಸಂತ್ರಸ್ತ

ಒಂದು ಕವರ್ ಹಾಕು ಗುರು. ಮುಗೀತು.

ಗಿರಿನಗರದ ಗಿರಾಕಿ

ಕವರ್ ಹಾಕಿದ ಮೇಲೇ ಜಾಸ್ತಿ ಆಗಿದ್ದು!

ಮೆಜೆಸ್ಟಿಕ್ ಮೊಬೈಲ್ ರಿಪೇರಿ

ಗಿರಾಕಿ ಸರ್ ಹೇಳಿದ್ದು ಸುಳ್ಳಲ್ಲ. ಅಂಗಡಿಗೆ ಈ ದೂರು ತಂದವರ ಫೋನಿನಲ್ಲಿ ನಾನು ಮೊದಲು ಮಾಡುವ ಕೆಲಸ ಕವರ್ ಕಳಚುವುದು.

ಕವರಿನ ಒಳಗಡೆ, ಬಟನ್ ಬರುವ ಕಡೆ ಬೆರಳಾಡಿಸಿ ನೋಡಿ. ಸಣ್ಣ ಉಬ್ಬು ಸಿಗುತ್ತದೆ. ಹೊರಗಿಂದ ಒತ್ತಿದಾಗ ಬಟನ್ ತಳ್ಳುವುದು ಆ ಉಬ್ಬೇ. ಅಗ್ಗದ ಕವರ್‌ನಲ್ಲಿ ಅದು ಕೂದಲೆಳೆಯಷ್ಟು ದಪ್ಪ ಆದರೂ ಬಟನ್ ಯಾವಾಗಲೂ ಅರ್ಧ ಒತ್ತಿಕೊಂಡೇ ಇರುತ್ತದೆ. ಇನ್ನರ್ಧ ನಿಮ್ಮ ಹಿಡಿತ ಒತ್ತುತ್ತದೆ. ಹೊಸ ಕವರ್ ಹಾಕಿದ ತಕ್ಷಣ ಮೂರೂ ಬಟನ್ ಒಂದೊಂದಾಗಿ ಒತ್ತಿ. ಬೆರಳಿಗೆ ‘ಟಿಕ್’ ಅಂತ ಗೊತ್ತಾಗಬೇಕು. ಮೆತ್ತಗೆ ಒಳಗೆ ಹೋಗಿ ಸುಮ್ಮನಾದರೆ ಆ ಕವರ್ ಬೇಡ, ಅಲ್ಲೇ ವಾಪಸ್ ಕೊಡಿ.

ಇನ್ನು ಕೆಲವರದು ಕವರ್ ತೊಂದರೆಯೇ ಅಲ್ಲ. ಬಟನ್ ಸಂದಿನಲ್ಲಿ ಧೂಳು, ಬೆವರು, ಪೌಡರ್ ಎಲ್ಲ ಸೇರಿ ಗಟ್ಟಿಯಾಗಿರುತ್ತದೆ. ಒತ್ತಿದ್ದು ತಕ್ಷಣ ಮೇಲೆ ಬರುವುದಿಲ್ಲ. ಫೋನ್ ಆಫ್ ಮಾಡಿ, ಮೆತ್ತನೆ ಬ್ರಷ್‌ಗೆ ಸ್ವಲ್ಪವೇ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿದರೆ ಎಷ್ಟೋ ಸಲ ಸರಿಹೋಗುತ್ತದೆ. ಸೂಜಿ ಹಾಕಿ ಕೆದಕಬೇಡಿ. ನೀರು ಬರದಂತೆ ಒಳಗೆ ರಬ್ಬರ್ ಇರುತ್ತದೆ, ಅದು ಹರಿದರೆ ಮಳೆಗಾಲದಲ್ಲಿ ಇನ್ನೂ ದೊಡ್ಡ ಖರ್ಚು. ಬಟನ್ ತಾನಾಗಿ ಒತ್ತಿಕೊಳ್ಳುತ್ತಿದ್ದರೆ, ವಾಲ್ಯೂಮ್ ಪಟ್ಟಿ ತಾನೇ ಏರಿಳಿಯುತ್ತಿದ್ದರೆ, ಒಳಗಿನ ಸ್ಟ್ರಿಪ್ ಹೋಗಿದೆ ಅಂತ ಅರ್ಥ. ಅದನ್ನು ಬದಲಾಯಿಸಲೇಬೇಕು.

ಇಷ್ಟೆಲ್ಲ ಸರಿ ಇದ್ದೂ ಕ್ಲಿಕ್ ಆಗುತ್ತಿದ್ದರೆ ನನ್ನ ಹತ್ತಿರ ಔಷಧಿ ಇಲ್ಲ. ಅದು ಫೋನ್ ಮಾಡಿದವರ ಲೆಕ್ಕಾಚಾರ.

ಹೆಬ್ಬಾಳ ರೈಡರ್

ನೀವು ಕೈಯಲ್ಲಿ ಹಿಡಿಯುವವರು, ನಿಮ್ಮದು ಪರವಾಗಿಲ್ಲ. ನನ್ನ ಫೋನ್ ಬೆಳಗ್ಗಿನಿಂದ ರಾತ್ರಿವರೆಗೆ ಗಾಡಿಯ ಹ್ಯಾಂಡಲ್ ಮೇಲಿನ ಹೋಲ್ಡರ್‌ನಲ್ಲಿ ಇರುತ್ತದೆ. ಎರಡು ಕಡೆಯಿಂದ ಅದುಮಿ ಹಿಡಿಯುವ ಹೋಲ್ಡರ್. ಅದರ ರಬ್ಬರ್ ದವಡೆ ಸರಿಯಾಗಿ ಬಟನ್ ಮೇಲೇ ಕೂರುತ್ತದೆ. ಔಟರ್ ರಿಂಗ್ ರೋಡ್ ಸರ್ವಿಸ್ ರಸ್ತೆಯ ಗುಂಡಿಗಳು ಗೊತ್ತಲ್ಲ, ಒಂದೊಂದು ಗುಂಡಿಗೂ ಮ್ಯಾಪ್‌ನ ಒಂದು ಸ್ಕ್ರೀನ್‌ಶಾಟ್. ಆರ್ಡರ್ ತಲುಪಿಸಿ ನೋಡಿದರೆ ಬಂದ ದಾರಿಯ ಇಡೀ ಆಲ್ಬಮ್ ಸಿದ್ಧ.

ನಗು ಬರುತ್ತದೆ, ಆದರೆ ಸ್ಟೋರೇಜ್ ತುಂಬಿದರೆ ಕೆಲಸದ ಆ್ಯಪ್ ಅಪ್‌ಡೇಟ್ ಆಗುವುದಿಲ್ಲ. ಸ್ಕ್ರೀನ್‌ಶಾಟ್ ಆದಾಗ ಮೂಲೆಯಲ್ಲಿ ಬರುವ ಸಣ್ಣ ಚಿತ್ರ, ತಿರುವು ತೋರಿಸುವ ಬಾಣದ ಮೇಲೇ ಬಂದು ಕೂರುತ್ತದೆ. ಫ್ಲೈಓವರ್ ಹತ್ತಬೇಕೋ ಕೆಳಗೆ ಹೋಗಬೇಕೋ ಅನ್ನುವ ಹೊತ್ತಿಗೇ ಹೀಗಾದರೆ ಮುಂದಿನ ಯೂ-ಟರ್ನ್ ತನಕ ಹೋಗಿ ಬರಬೇಕು. ಹೆಬ್ಬಾಳದಲ್ಲಿ ಅದೆಷ್ಟು ದೂರ ಅಂತ ನಾನು ಹೇಳಬೇಕಿಲ್ಲ.

ಎಡಚ ಬನಶಂಕರಿ

ಎಡಗೈಯವರ ಕಷ್ಟವನ್ನೂ ಬರೆದುಕೊಳ್ಳಿ. ಬಲಗೈಯವರಿಗೆ ಹೆಬ್ಬೆರಳು ಪವರ್ ಬಟನ್ ಮೇಲೆ, ಉಳಿದ ಬೆರಳು ವಾಲ್ಯೂಮ್ ಮೇಲೆ. ನಮಗೆ ತಿರುಗುಮುರುಗು. ನಾಲ್ಕು ಬೆರಳೂ ಪವರ್ ಬಟನ್ ಕಡೆ ಇರುವುದರಿಂದ ಅದು ಯಾವಾಗ ಒತ್ತಿಕೊಂಡಿತು ಅನ್ನುವುದೇ ಗೊತ್ತಾಗುವುದಿಲ್ಲ. ಎರಡೂ ಬಟನ್ ಬಲಗಡೆಯೇ ಇರುವ ಫೋನ್‌ಗೆ ಬದಲಾದೆ. ಕ್ಲಿಕ್ ಕಮ್ಮಿ ಆಯಿತು, ನಿಜ. ಆದರೆ ಈಗ ಲಾಕ್ ಮಾಡಲು ಹೋದರೆ ಸದ್ದು ಇಳಿಯುತ್ತದೆ, ಸದ್ದು ಇಳಿಸಲು ಹೋದರೆ ಲಾಕ್ ಆಗುತ್ತದೆ.

ಹಳೇ ಹ್ಯಾಂಡ್‌ಸೆಟ್

ಇದು ಮೊದಲಿಂದ ಹೀಗೆ ಇರಲಿಲ್ಲ. ಐಫೋನ್‌ನಲ್ಲಿ 5ಎಸ್ ತನಕ ಪವರ್ ಬಟನ್ ನೆತ್ತಿಯ ಮೇಲಿತ್ತು. ಸ್ಕ್ರೀನ್‌ಶಾಟ್‌ಗೆ ಅದರ ಜೊತೆ ಕೆಳಗಿನ ಹೋಮ್ ಬಟನ್ ಒತ್ತಬೇಕಿತ್ತು. ಒಂದು ಮೇಲೆ, ಒಂದು ಕೆಳಗೆ. ಬೇಕೆಂದೇ ಒತ್ತಿದರೆ ಮಾತ್ರ ಆಗುತ್ತಿತ್ತು. 2014ರಲ್ಲಿ ಐಫೋನ್ 6 ಬಂದಾಗ ಪರದೆ 4 ಇಂಚಿನಿಂದ 4.7 ಇಂಚಿಗೆ ಬೆಳೆಯಿತು, ಪ್ಲಸ್‌ನಲ್ಲಿ 5.5. ನೆತ್ತಿಗೆ ಬೆರಳು ಎಟುಕುವುದು ಕಷ್ಟ ಆಯಿತು. ಪವರ್ ಬಟನ್ ಬಲಬದಿಗೆ ಇಳಿಯಿತು, ವಾಲ್ಯೂಮ್‌ಗೆ ಎದುರಾಗಿ. ಆಗಲೂ ಹೋಮ್ ಬಟನ್ ಇದ್ದಿದ್ದರಿಂದ ಬಚಾವ್. 2017ರ ಐಫೋನ್ ಟೆನ್‌ನಲ್ಲಿ ಹೋಮ್ ಬಟನ್ನೇ ಹೋಯಿತು. ಸ್ಕ್ರೀನ್‌ಶಾಟ್ ಕೆಲಸ ಸೈಡ್ ಬಟನ್ ಮತ್ತು ವಾಲ್ಯೂಮ್ ಅಪ್ ಪಾಲಿಗೆ ಬಂತು.

ಆಂಡ್ರಾಯ್ಡ್‌ನಲ್ಲಿ 2011ರ 4.0 ಆವೃತ್ತಿಯಿಂದಲೂ ಪವರ್ ಮತ್ತು ವಾಲ್ಯೂಮ್ ಡೌನ್. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ಸರಣಿಯಲ್ಲಿ ಹೋಮ್ ಬಟನ್ ಇದ್ದಷ್ಟು ದಿನ ಪವರ್ ಜೊತೆ ಅದನ್ನೇ ಒತ್ತಬೇಕಿತ್ತು. 2017ರ ಎಸ್8ರಲ್ಲಿ ಅವರೂ ಹೋಮ್ ಬಟನ್ ಕಿತ್ತು ವಾಲ್ಯೂಮ್ ಡೌನ್‌ಗೆ ಬಂದರು.

ಮುಂಭಾಗದ ತುಂಬಾ ಗಾಜು ಬೇಕು ಅಂತ ಕೇಳಿದವರು ನಾವೇ. ಉಳಿದಿದ್ದು ಎರಡು ಅಂಚು. ಇದ್ದಬದ್ದ ಕೆಲಸವೆಲ್ಲ ಅಲ್ಲಿಗೇ ಬಂತು.

ಗಿರಿನಗರದ ಗಿರಾಕಿ

ಸರ್, ಗಾಜು ಕೇಳಿದ್ದು ನಿಜ ಇರಬಹುದು, ಸ್ವಿಚ್ ಬೇಡ ಅಂತ ಯಾರೂ ಕೇಳಲಿಲ್ಲವಲ್ಲ.

ಬೆಳ್ಳಂದೂರು ಕೋಡ್

ಆಂಡ್ರಾಯ್ಡ್ ಕೆಲಸ ಮಾಡುವವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಆಂಡ್ರಾಯ್ಡ್‌ನ ಮೂಲ ಕೋಡ್ ಎಲ್ಲರಿಗೂ ಓದಲು ಸಿಗುತ್ತದೆ. ತಪ್ಪಿ ಒತ್ತಿಕೊಳ್ಳುವ ಸಾಧ್ಯತೆಯನ್ನು ಅದರಲ್ಲಿ ಯೋಚಿಸಿದ್ದಾರೆ. ಎರಡು ಬಟನ್ ಒತ್ತುವ ನಡುವೆ 150 ಮಿಲಿಸೆಕೆಂಡ್‌ಗಿಂತ ಜಾಸ್ತಿ ಅಂತರ ಇದ್ದರೆ ಅದನ್ನು ಜೋಡಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜೊತೆಯಾಗಿ ಒತ್ತಿದ ಮೇಲೂ ಸ್ವಲ್ಪ ಹೊತ್ತು ಹಿಡಿದಿರಬೇಕು. ಫೋನ್ ಲಾಕ್ ಆಗಿದ್ದರೆ ಆ ಹೊತ್ತು ಎರಡೂವರೆ ಪಟ್ಟು ಆಗುವಂತೆ ಬರೆದಿದ್ದಾರೆ, ಜೇಬಿನೊಳಗೆ ಆಗುವುದನ್ನು ತಪ್ಪಿಸಲು. ಆದರೆ ಇದೆಲ್ಲ ಮೂಲ ಕೋಡ್‌ನ ಕಥೆ. ಅದನ್ನು ತೆಗೆದುಕೊಂಡು ತಮ್ಮ ಫೋನಿಗೆ ಹೊಂದಿಸುವಾಗ ಕಂಪನಿಯವರು ಈ ಹೊತ್ತನ್ನು ಕಮ್ಮಿ ಮಾಡಿಕೊಳ್ಳಬಹುದು. ಒತ್ತಿದ ತಕ್ಷಣ ಆಗಬೇಕು, ಆಗದಿದ್ದರೆ ‘ಫೋನ್ ನಿಧಾನ’ ಅಂತ ಬೈಸಿಕೊಳ್ಳಬೇಕಲ್ಲ.

ಇನ್ನು ಸ್ವಿಚ್ ವಿಷಯ. ಈ ಜೋಡಿ ಬೇಕೋ ಬೇಡವೋ ಅನ್ನುವುದಕ್ಕೆ ಮೂಲ ಕೋಡ್‌ನಲ್ಲಿ ಬಹಳ ಕಾಲದಿಂದ ಒಂದು ಹೌದು-ಇಲ್ಲ ಆಯ್ಕೆ ಇದ್ದೇ ಇತ್ತು. ಅದನ್ನು ತುಂಬುವುದು ಫೋನ್ ತಯಾರಿಸುವವರು. ಅದನ್ನು ಸೆಟ್ಟಿಂಗ್ಸ್‌ಗೆ ತಂದು ನಿಮಗೆ ತೋರಿಸಬೇಕೆನ್ನುವ ಮನಸ್ಸು ಬರಬೇಕು, ಅಷ್ಟೇ.

ಗಿರಿನಗರದ ಗಿರಾಕಿ

ಅಂದರೆ ಸ್ವಿಚ್ ಇದೆ, ನಮ್ಮ ಕೈಗೆ ಕೊಟ್ಟಿಲ್ಲ! ಇದನ್ನು ಕೇಳಿ ಸಮಾಧಾನ ಆಗಬೇಕೋ ಇನ್ನೂ ಉರಿಯಬೇಕೋ ಗೊತ್ತಾಗುತ್ತಿಲ್ಲ.

ಪ್ಲೇ ಸ್ಟೋರ್‌ನಲ್ಲಿ ಬಟನ್ ಬದಲಾಯಿಸುವ ಆ್ಯಪ್‌ಗಳು ಕಾಣಿಸುತ್ತವೆ. ಅವುಗಳಿಂದ ಏನಾದರೂ?

ಬೆಳ್ಳಂದೂರು ಕೋಡ್

ಆಗಲ್ಲ. ವಾಲ್ಯೂಮ್ ಬಟನ್ ಒತ್ತಿದ್ದು ಅಂಥ ಆ್ಯಪ್‌ಗಳಿಗೆ ಗೊತ್ತಾಗಬಹುದು, ಪವರ್ ಬಟನ್ ಸುದ್ದಿಯನ್ನು ಸಿಸ್ಟಮ್ ತಾನೇ ಇಟ್ಟುಕೊಳ್ಳುತ್ತದೆ. ಸ್ಕ್ರೀನ್‌ಶಾಟ್ ಪೂರ್ತಿ ನಿಲ್ಲಿಸುತ್ತೇವೆ ಅಂತ ಹೇಳಿ ಆಕ್ಸೆಸಿಬಿಲಿಟಿ ಅನುಮತಿ ಕೇಳುವ ಗುರುತಿಲ್ಲದ ಆ್ಯಪ್‌ಗಳ ಹತ್ತಿರವೂ ಹೋಗಬೇಡಿ. ಆ ಅನುಮತಿ ಕೊಟ್ಟರೆ ಪರದೆಯ ಮೇಲಿರುವುದನ್ನು ಅದು ಓದಬಲ್ಲದು. ಬೇಡದ ಚಿತ್ರ ತಪ್ಪಿಸಲು ಹೋಗಿ ಬ್ಯಾಂಕ್ ಖಾತೆಗೇ ಕುತ್ತು.

ಸಿಲ್ಕ್ ಬೋರ್ಡ್ ಸಂತ್ರಸ್ತ

ಒಂದು ಸ್ಕ್ರೀನ್‌ಶಾಟ್‌ಗೆ ಇಷ್ಟೊಂದು ಗೋಳಾ? ನಮ್ಮಮ್ಮನಿಗೆ ಫೋನ್‌ನಲ್ಲಿ ಚೆನ್ನಾಗಿ ಬರುವುದೇ ಅದೊಂದು. ರೆಸಿಪಿ, ಡಾಕ್ಟರ್ ಚೀಟಿ, ಮದುವೆ ಕರೆಯೋಲೆ, ಎಲ್ಲ ಎರಡು ಬಟನ್ ಒತ್ತಿ ಇಟ್ಟುಕೊಳ್ಳುತ್ತಾರೆ. ನೀವು ಕೇಳಿದ ಸ್ವಿಚ್ ಬಂದು, ಅದು ಗೊತ್ತಿಲ್ಲದೆ ಆಫ್ ಆದರೆ ಅಮ್ಮ ನನಗೇ ಫೋನ್ ಮಾಡುತ್ತಾರೆ. ನಾನು ಮೀಟಿಂಗ್‌ನಲ್ಲಿ ಇರುತ್ತೇನೆ.

ಗಿರಿನಗರದ ಗಿರಾಕಿ

ಅಮ್ಮನ ಫೋನ್‌ನಲ್ಲಿ ಆನ್ ಇರಲಿ, ನನ್ನದರಲ್ಲಿ ಆಫ್ ಇರಲಿ ಅಂತಲೇ ಸ್ವಿಚ್ ಕೇಳುತ್ತಿರುವುದು. ಸ್ಕ್ರೀನ್‌ಶಾಟನ್ನೇ ತೆಗೆದುಹಾಕಿ ಅಂದೆನಾ?

ಜಯನಗರ ಫೋರ್ತ್ ಬ್ಲಾಕ್

ಗೋಳು ಅನ್ನುವವರು ಇನ್ನೊಂದು ಕಡೆಯಿಂದ ಯೋಚಿಸಿ. ತಪ್ಪಿ ಬಿದ್ದ ಸ್ಕ್ರೀನ್‌ಶಾಟ್‌ನಲ್ಲಿ ಆ ಹೊತ್ತಿಗೆ ಪರದೆಯಲ್ಲಿ ಇದ್ದಿದ್ದೆಲ್ಲ ಇರುತ್ತದೆ. ಮೇಲಿಂದ ಇಳಿದ ಒಟಿಪಿ ಮೆಸೇಜ್, ಆಫೀಸಿನ ಮೇಲ್, ಯಾರದೋ ಆಧಾರ್ ಚಿತ್ರ. ಕೆಲವು ಬ್ಯಾಂಕ್ ಆ್ಯಪ್‌ಗಳು ಸ್ಕ್ರೀನ್‌ಶಾಟ್ ತಡೆಯುತ್ತವೆ, ವಾಟ್ಸ್ಆ್ಯಪ್‌ನಲ್ಲಿ ಒಂದೇ ಸಲ ನೋಡುವ ಫೋಟೋಗೂ ತಡೆ ಇದೆ. ಎಸ್ಸೆಮ್ಮೆಸ್‌ಗೆ, ಮೇಲ್‌ಗೆ ಸಾಮಾನ್ಯವಾಗಿ ಆ ಕಾವಲು ಇಲ್ಲ.

ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಸೆಟ್ಟಿಂಗ್ ತೆರೆದು, ಯಾವ ಯಾವ ಫೋಲ್ಡರ್ ಮೇಲೆ ಹೋಗುತ್ತಿದೆ ನೋಡಿ. ಸ್ಕ್ರೀನ್‌ಶಾಟ್ಸ್ ಫೋಲ್ಡರ್ ಆನ್ ಇದ್ದರೆ ಆಫ್ ಮಾಡಿ. 2021ರ ಜೂನ್ 1ರಿಂದ ಹೊಸದಾಗಿ ಹೋಗುವ ಫೋಟೋಗಳು ಉಚಿತ 15 ಜಿಬಿ ಲೆಕ್ಕದಲ್ಲೇ ಸೇರುತ್ತವೆ, ಹಾಗಾಗಿ ಕಸಕ್ಕೂ ಜಾಗ ಕೊಟ್ಟ ಹಾಗೆ ಆಗುತ್ತದೆ. ಐಫೋನ್‌ನವರಿಗೆ ಫೋಟೋಸ್ ಆ್ಯಪ್‌ನಲ್ಲಿ ಸ್ಕ್ರೀನ್‌ಶಾಟ್ಸ್ ಅಂತ ಬೇರೆಯೇ ಆಲ್ಬಮ್ ಇದೆ, ಅಲ್ಲಿ ಒಟ್ಟಿಗೆ ಆರಿಸಿ ಅಳಿಸಬಹುದು. ಅಳಿಸಿದ ಮೇಲೂ 30 ದಿನ ‘ರೀಸೆಂಟ್ಲಿ ಡಿಲೀಟೆಡ್’ನಲ್ಲಿ ಇರುತ್ತದೆ ಅನ್ನುವುದನ್ನು ಮರೆಯಬೇಡಿ.

ಮಲ್ಲೇಶ್ವರದ ಮೇಷ್ಟ್ರು

ಮಕ್ಕಳೇ, ಸ್ಕ್ರೀನ್‌ಶಾಟ್ ಆದರೆ ಅಳಿಸಬಹುದು. ನನ್ನ ಫೋನ್ ಜುಬ್ಬಾ ಜೇಬಿನಲ್ಲಿ ಇದ್ದುಕೊಂಡೇ 112ಕ್ಕೆ ಕರೆ ಮಾಡಿತು. ಸಂಪಿಗೆ ರಸ್ತೆಯಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಜೇಬಿನಿಂದ ‘ಹಲೋ, ಏನು ತೊಂದರೆ ಹೇಳಿ’ ಅಂತ ದನಿ. ತರಕಾರಿಯವಳು ನನ್ನನ್ನೇ ನೋಡಿದಳು. ಹೀಗೆ ಆಗುವುದೇಕೆ?

ಹಳೇ ಹ್ಯಾಂಡ್‌ಸೆಟ್

ಮೇಷ್ಟ್ರೇ, ಅದರ ಹಿಂದೆ ಸರ್ಕಾರದ ನಿಯಮ ಇದೆ. ಭಾರತದಲ್ಲಿ ಮಾರುವ ಎಲ್ಲಾ ಮೊಬೈಲ್‌ಗಳಲ್ಲೂ ತುರ್ತು ಬಟನ್ ಸೌಲಭ್ಯ ಇರಬೇಕು ಅಂತ 2016ರಲ್ಲಿ ನಿಯಮ ಬಂತು, 2017ರ ಜನವರಿ 1ರಿಂದ ಜಾರಿ. ಮುಖ್ಯವಾಗಿ ಹೆಣ್ಣುಮಕ್ಕಳ ಸುರಕ್ಷತೆಗಾಗಿ. ಬೇಸಿಕ್ ಫೋನ್‌ನಲ್ಲಿ 5 ಅಥವಾ 9ರ ಕೀಲಿ ಒತ್ತಿ ಹಿಡಿದರೆ ಕರೆ ಹೋಗಬೇಕು. ಸ್ಮಾರ್ಟ್‌ಫೋನ್‌ನಲ್ಲಿ ಪವರ್ ಬಟನ್ ಬೇಗ ಬೇಗ ಮೂರು ಸಲ ಒತ್ತಿದರೆ ಸಾಕು. ಬೇರೆ ಎಷ್ಟೋ ದೇಶಗಳ ಐಫೋನ್‌ನಲ್ಲಿ ಐದು ಸಲ ಒತ್ತಬೇಕು, ನಮ್ಮಲ್ಲಿ ಮೂರೇ ಸಲ ಆಗಿರುವುದು ಇದಕ್ಕೇ. ಐದು ಸಲ ಇಟ್ಟ ಕಡೆಯೂ ತಪ್ಪುತ್ತದೆ ಬಿಡಿ. 2023ರಲ್ಲಿ ಬ್ರಿಟನ್ ಪೊಲೀಸರು, ಆಂಡ್ರಾಯ್ಡ್ ಅಪ್‌ಡೇಟ್ ಬಂದ ಮೇಲೆ 999ಕ್ಕೆ ಮಾತಿಲ್ಲದ ಕರೆಗಳು ಹೆಚ್ಚಾಗಿವೆ ಅಂತ ಎಚ್ಚರಿಸಿದ್ದರು.

ಮತ್ತೆ ಹಾಗಾದರೆ ಗಾಬರಿಯಲ್ಲಿ ಕಟ್ ಮಾಡಬೇಡಿ. ‘ಕೈತಪ್ಪಿ ಬಂತು, ತೊಂದರೆ ಇಲ್ಲ’ ಅಂತ ಹೇಳಿಯೇ ಇಡಿ. ಕಟ್ ಮಾಡಿದರೆ ನಿಜಕ್ಕೂ ಅಪಾಯ ಇದೆಯಾ ಅಂತ ಅವರು ಹುಡುಕಬೇಕಾಗುತ್ತದೆ.

ಎಡಚ ಬನಶಂಕರಿ

ಈ ಮೂರು ಒತ್ತುವುದನ್ನು ಆಡಿಕೊಳ್ಳಬೇಡಿ. ರಾತ್ರಿ ಪಾಳಿ ಮುಗಿಸಿ ಕ್ಯಾಬ್‌ನಲ್ಲಿ ಒಬ್ಬಳೇ ಬರುವಾಗ ನನ್ನ ಬೆರಳು ಆ ಬಟನ್ ಮೇಲೇ ಇರುತ್ತದೆ. ಪರದೆ ನೋಡದೆ, ಬ್ಯಾಗ್ ಒಳಗೇ ಒತ್ತಲು ಆಗಬೇಕು. ಸ್ಕ್ರೀನ್‌ಶಾಟ್‌ಗೆ ಅಂಥ ತುರ್ತು ಏನಿದೆ? ಅದನ್ನು ಪರದೆ ಮೇಲಿನ ಒಂದು ಗುಂಡಿಗೆ ಕೊಟ್ಟು, ಅಂಚಿನ ಬಟನ್‌ಗಳನ್ನು ಆಪತ್ತಿಗೆ ಮೀಸಲಿಡಲಿ.

ಗಿರಿನಗರದ ಗಿರಾಕಿ

ಮೇಡಂ, ಈ ಚರ್ಚೆಯಲ್ಲಿ ಬಂದ ಅತ್ಯಂತ ಸರಿಯಾದ ಮಾತು ಇದು. ನಾನು ಬರೀ ನನ್ನ ಗ್ಯಾಲರಿ ನೋಡಿಕೊಂಡು ಕೂಗಾಡುತ್ತಿದ್ದೆ.

ಬೆಳ್ಳಂದೂರು ಕೋಡ್

ಸ್ವಿಚ್ ಬರುವ ತನಕ ಮಾಡಬಹುದಾದ್ದು ಕೆಲವು ಇವೆ.

ಬಟನ್ ಜೋಡಿ ಬಿಟ್ಟು ಬೇರೆ ದಾರಿಯಿಂದಲೂ ಸ್ಕ್ರೀನ್‌ಶಾಟ್ ಬೀಳುತ್ತಿರಬಹುದು, ಅವಕ್ಕೆ ಸ್ವಿಚ್ ಇದೆ. ಸ್ಯಾಮ್‌ಸಂಗ್‌ನಲ್ಲಿ ಅಂಗೈ ಸವರಿದರೆ ಆಗುತ್ತದೆ. ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಫೀಚರ್ಸ್, ಮೋಷನ್ಸ್ ಆ್ಯಂಡ್ ಜೆಸ್ಚರ್ಸ್ ಒಳಗೆ ‘ಪಾಮ್ ಸ್ವೈಪ್’ ಆಫ್ ಮಾಡಿ. ಶಿಯೋಮಿ, ಒಪ್ಪೊ, ವಿವೋ, ಒನ್‌ಪ್ಲಸ್‌ನಲ್ಲಿ ಮೂರು ಬೆರಳು ಕೆಳಗೆ ಎಳೆಯುವುದು. ಚಿಕ್ಕ ಮಕ್ಕಳ ಕೈಗೆ ಫೋನ್ ಕೊಡುವವರು ಅದನ್ನು ಮೊದಲು ಆಫ್ ಮಾಡಿ. ಐಫೋನ್‌ನಲ್ಲಿ 2020ರ ಐಒಎಸ್ 14ರಿಂದ ಬೆನ್ನು ತಟ್ಟಿದರೆ ಕೆಲಸ ಮಾಡುವ ‘ಬ್ಯಾಕ್ ಟ್ಯಾಪ್’ ಇದೆ. ಆಕ್ಸೆಸಿಬಿಲಿಟಿ, ಟಚ್ ಒಳಗೆ ಹೋಗಿ ಅಲ್ಲಿ ಸ್ಕ್ರೀನ್‌ಶಾಟ್ ಆಯ್ಕೆ ಆಗಿದೆಯಾ ನೋಡಿ.

ಫೋನ್ ಆಫ್ ಮಾಡುವಾಗ ಬಟನ್ ಮುಟ್ಟಲೇಬೇಡಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಕೊನೆಯಲ್ಲಿ ‘ಶಟ್ ಡೌನ್’. ಸ್ಯಾಮ್‌ಸಂಗ್‌ನಲ್ಲಿ ಮೇಲಿನಿಂದ ಎಳೆದರೆ ಪವರ್ ಚಿಹ್ನೆ ಸಿಗುತ್ತದೆ. ಎಷ್ಟೋ ಆಂಡ್ರಾಯ್ಡ್‌ಗಳಲ್ಲಿ ಪರದೆಯನ್ನು ಎರಡು ಸಲ ತಟ್ಟಿ ಎಬ್ಬಿಸುವುದು, ಮಲಗಿಸುವುದು ಎರಡೂ ಆಗುತ್ತದೆ. ಪವರ್ ಬಟನ್ ಕಡೆ ಬೆರಳು ಹೋಗುವುದೇ ಕಮ್ಮಿ ಆದರೆ ಕ್ಲಿಕ್ ಕೂಡ ಕಮ್ಮಿ.

ಜಯನಗರ ಫೋರ್ತ್ ಬ್ಲಾಕ್

ಐಫೋನ್‌ನಲ್ಲಿ ಲಾಕ್ ಸ್ಕ್ರೀನ್‌ನ ಚಿತ್ರ ಬೀಳುವುದು ಮೊದಲು ಇನ್ನೂ ಜಾಸ್ತಿ ಇತ್ತು. 2018ರ ಐಒಎಸ್ 12ರಲ್ಲಿ, ಪರದೆ ಕತ್ತಲಾಗಿದ್ದಾಗ ಜೋಡಿ ಒತ್ತಿದರೆ ಸ್ಕ್ರೀನ್‌ಶಾಟ್ ಆಗದ ಹಾಗೆ ಬದಲಾಯಿಸಿದರು. ಜನ ಗೊಣಗಿದ ಮೇಲೆ ಬದಲಾಗುತ್ತದೆ ಅನ್ನುವುದಕ್ಕೆ ಹೇಳಿದೆ. 2024ರ ಐಫೋನ್ 16ರಲ್ಲಿ ಬಲಬದಿಗೆ ಕ್ಯಾಮೆರಾಗೆ ಅಂತ ಇನ್ನೊಂದು ಬಟನ್ ಬಂತು. ಅದು ಬೇಡ ಅಂದರೆ ಆಫ್ ಮಾಡುವ ಸೆಟ್ಟಿಂಗ್ ಕೊಟ್ಟಿದ್ದಾರೆ. ಮನಸ್ಸು ಮಾಡಿದರೆ ಆಗುತ್ತದೆ.

ಗಿರಿನಗರದ ಗಿರಾಕಿ

ರಿಪೇರಿ ಅಣ್ಣ ಹೇಳಿದ ಹಾಗೆ ಕವರ್ ಕಳಚಿ ನೋಡಿದೆ. ವಾಲ್ಯೂಮ್ ಡೌನ್ ಕಡೆಯ ಉಬ್ಬು ನಿಜವಾಗಲೂ ದಪ್ಪ. ಬಟನ್ ಜಾಗದಲ್ಲಿ ಬರೀ ತೂತು ಇರುವ ಕವರ್ ತಂದು ಹಾಕಿದ್ದೇನೆ. ಕಮ್ಮಿ ಆಗಿದೆ, ನಿಂತಿಲ್ಲ.

ಫೋನ್ ಕಂಪನಿಗೆ ಫೀಡ್‌ಬ್ಯಾಕ್ ಕಳಿಸುತ್ತಿದ್ದೇನೆ. ‘ಎರಡು ಬಟನ್ ಸ್ಕ್ರೀನ್‌ಶಾಟ್ ಆಫ್ ಮಾಡಲು, ಅಥವಾ ಒತ್ತಿ ಹಿಡಿಯುವ ಹೊತ್ತು ಹೆಚ್ಚಿಸಲು ಆಯ್ಕೆ ಕೊಡಿ. ತುರ್ತು ಕರೆಯ ಬಟನ್ ಮುಟ್ಟಬೇಡಿ.’ ಇಷ್ಟು ಸಾಕಾ?

ಬೆಳ್ಳಂದೂರು ಕೋಡ್

ಮಾಡೆಲ್ ನಂಬರ್, ಸಾಫ್ಟ್‌ವೇರ್ ಆವೃತ್ತಿ ಸೇರಿಸಿ. ಕವರ್ ಇಲ್ಲದೆಯೂ ಆಗುತ್ತದೆ ಅಂತ ಬರೆಯಿರಿ, ಇಲ್ಲದಿದ್ದರೆ ಮೊದಲ ಉತ್ತರ ‘ಕವರ್ ತೆಗೆದು ನೋಡಿ’ ಅಂತಲೇ ಬರುತ್ತದೆ. ಕೈಯಲ್ಲಿ ಹಿಡಿದಾಗ ಹೇಗೆ ಒತ್ತಿಕೊಳ್ಳುತ್ತದೆ ಅನ್ನುವ ಚಿಕ್ಕ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು.

ಸಿಲ್ಕ್ ಬೋರ್ಡ್ ಸಂತ್ರಸ್ತ

ನಾನೂ ಕಳಿಸುತ್ತೇನೆ ಗುರು. ಆದರೆ ಮೊದಲಿಂದಲೇ ಆನ್ ಇರಬೇಕು ಅಂತ ಸೇರಿಸಿ. ಅಮ್ಮ.

ಹೆಬ್ಬಾಳ ರೈಡರ್

ನನ್ನ ಹೋಲ್ಡರ್‌ಗೆ ಯಾರೂ ಪರಿಹಾರ ಹೇಳಲೇ ಇಲ್ಲ.

ಮೆಜೆಸ್ಟಿಕ್ ಮೊಬೈಲ್ ರಿಪೇರಿ

ಅಣ್ಣಾ, ಪಕ್ಕದಿಂದ ಅದುಮುವುದು ಬಿಟ್ಟು ನಾಲ್ಕು ಮೂಲೆ ಹಿಡಿಯುವ ಹೋಲ್ಡರ್ ತಗೊಳ್ಳಿ. ಎಸ್‌ಪಿ ರೋಡ್‌ನಲ್ಲೂ ಸಿಗುತ್ತದೆ, ನ್ಯಾಷನಲ್ ಮಾರ್ಕೆಟ್‌ನಲ್ಲೂ ಸಿಗುತ್ತದೆ. ಕೊಳ್ಳುವ ಮೊದಲು ನಿಮ್ಮ ಫೋನ್ ಅದರಲ್ಲಿ ಕೂರಿಸಿ, ಮೂಲೆಯ ಹಿಡಿ ಬಟನ್‌ಗೆ ತಾಗುತ್ತದಾ ನೋಡಿ. ಅದು ಸಿಗುವ ತನಕ ಈಗಿನ ಹೋಲ್ಡರ್‌ನಲ್ಲೇ ಫೋನ್ ಸ್ವಲ್ಪ ಮೇಲೆ ಸರಿಸಿ, ದವಡೆ ಬಟನ್‌ಗಿಂತ ಕೆಳಗೆ ಹಿಡಿಯುವ ಹಾಗೆ. ತುಂಬಾ ಮೇಲೆ ಬೇಡ, ಗುಂಡಿಯಲ್ಲಿ ಹಾರಿ ಬಿದ್ದರೆ ಡಿಸ್‌ಪ್ಲೇ ಬದಲಾಯಿಸಲು ನನ್ನ ಹತ್ತಿರವೇ ಬರಬೇಕಾಗುತ್ತದೆ.

ಹೆಬ್ಬಾಳ ರೈಡರ್

ನಾಳೆ ಚಿಕ್ಕಪೇಟೆ ಕಡೆ ಡೆಲಿವರಿ ಬಿದ್ದರೆ ಎಸ್‌ಪಿ ರೋಡ್‌ಗೇ ಹೋಗುತ್ತೇನೆ. ಮಳೆಗೆ ಪ್ಲಾಸ್ಟಿಕ್ ಪೌಚ್ ಹಾಕಿದರೂ ಆ ಮೂಲೆ ಹಿಡಿ ನಿಲ್ಲುತ್ತದಾ?

ಮೆಜೆಸ್ಟಿಕ್ ಮೊಬೈಲ್ ರಿಪೇರಿ

ತೆಳು ಪೌಚ್ ಆದರೆ ನಿಲ್ಲುತ್ತದೆ. ಜಿಪ್ ಇರುವ ದಪ್ಪದ್ದು ಜಾರುತ್ತದೆ. ಪೌಚ್ ಕೂಡ ಜೊತೆಗೆ ತಗೊಂಡು ಹೋಗಿ, ಅಂಗಡಿಯಲ್ಲೇ ಹಾಕಿ ನೋಡಿ.